ಆ ಒಂದು ಸಾಲು ಬಂದಾಗ...

ಮೊನ್ನೆ ಸುಮ್ಮನೆ ಕೂತು ಲೆಕ್ಕ ಹಾಕಿದೆ. ಒಂದು ಜಪಸರದಲ್ಲಿ 6 ಸಲ 'ನಮ್ಮ ತಂದೆಯೇ' ಪ್ರಾರ್ಥನೆ ಬರುತ್ತದೆ. ಶುರುವಿನಲ್ಲಿ ಒಂದು, ಆಮೇಲೆ ಪ್ರತಿ ಹತ್ತು ಮಣಿಗೆ ಒಂದೊಂದರಂತೆ ಐದು. ದಿನಕ್ಕೊಂದು ಜಪಸರ ಅಂದರೆ ವರ್ಷಕ್ಕೆ 2,190. ನಮ್ಮ ಮನೆಯಲ್ಲಿ ಸಂಜೆ ಏಳು ಗಂಟೆಯ ಜಪಸರ ಮಳೆ ಬಂದರೂ, ಕರೆಂಟು ಹೋದರೂ, ಮರುದಿನ ಪರೀಕ್ಷೆ ಇದ್ದರೂ ತಪ್ಪುತ್ತಿರಲಿಲ್ಲ. ನನ್ನ 6ನೇ ವಯಸ್ಸಿನಿಂದ ಓದಲು ಊರು ಬಿಟ್ಟ 18ನೇ ವಯಸ್ಸಿನವರೆಗೆ ಹಿಡಿದರೂ 26 ಸಾವಿರಕ್ಕೆ ಮೇಲಾಯಿತು.

26 ಸಾವಿರ ಸಲ ಹೇಳಿದ ಪ್ರಾರ್ಥನೆ. ಅದರ ಅರ್ಥ ನನಗೆ ಗೊತ್ತಿರಲಿಲ್ಲ ಅಂತ ತಿಳಿಸಿಕೊಟ್ಟಿದ್ದು ನನ್ನ ಮಗಳು.

ಅವಳು ಪ್ರಥಮ ಪರಮಪ್ರಸಾದಕ್ಕೆ ತಯಾರಾಗುತ್ತಿದ್ದ ದಿನಗಳು. ಭಾನುವಾರ ಪೂಜೆ ಮುಗಿದ ಮೇಲೆ ಧರ್ಮೋಪದೇಶದ ತರಗತಿ. ಬೆಂಗಳೂರಿನ ಮಕ್ಕಳಲ್ಲವೇ, ಅರ್ಧ ಇಂಗ್ಲಿಷ್ ಅರ್ಧ ಕನ್ನಡ. ಒಂದು ಭಾನುವಾರ ಸ್ಕೂಟರಿನಲ್ಲಿ ನನ್ನ ಹಿಂದೆ ಕೂತು ಬರುತ್ತಿದ್ದವಳು ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದಳು: "ಅಪ್ಪ, ನಾವು ಬೇರೆಯವರನ್ನ ಕ್ಷಮಿಸಿದಷ್ಟೇ ದೇವರು ನಮ್ಮನ್ನ ಕ್ಷಮಿಸ್ಲಿ ಅಂತ ಕೇಳ್ಕೋತೀವಂತೆ, ಹೌದಾ?" ಹೌದು ಪುಟ್ಟ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಸಿಗ್ನಲ್ ಬಿಟ್ಟಿತು. ಮತ್ತೆ ಕಿವಿಯ ಹತ್ತಿರ ಬಗ್ಗಿ, "ಹಾಗಾದ್ರೆ ನಾವು ದೊಡ್ಡಪ್ಪನ್ನ ಕ್ಷಮಿಸಿದ್ದೀವಾ?" ಅಂದಳು.

ಹಿಂದಿನ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ನಾನು ಗಾಡಿ ಮುಂದಕ್ಕೆ ಬಿಟ್ಟೆ. ಉತ್ತರ ಕೊಡಲಿಲ್ಲ.

ವಿಷಯ ಏನೂಂದರೆ, ಆಗ ನಾನು ನನ್ನ ಅಣ್ಣನ ಜೊತೆ ಮಾತು ಬಿಟ್ಟು 9 ವರ್ಷವಾಗಿತ್ತು. ಮಗಳು ಹುಟ್ಟಿದ ವರ್ಷವೇ ಅಪ್ಪ ತೀರಿಕೊಂಡಿದ್ದು. ಮೈಸೂರು ಸೀಮೆಯಲ್ಲಿ ನಮ್ಮದು ನಾಲೆ ಪಕ್ಕದ ಗದ್ದೆ, ಜೊತೆಗೆ ಒಂದಿಷ್ಟು ಹೊಲ. ನಾನು ಬೆಂಗಳೂರಿನಲ್ಲಿದ್ದಾಗ ಅಣ್ಣ ಗದ್ದೆಯ ಖಾತೆಯನ್ನು ತನ್ನೊಬ್ಬನ ಹೆಸರಿಗೆ ಮಾಡಿಸಿಕೊಂಡಿದ್ದ. ಅದು ನನಗೆ ಗೊತ್ತಾಗಿದ್ದು ಪಹಣಿ ತೆಗೆಸಿದಾಗ. ಆ ದಿನ ಅಂಗಳದಲ್ಲಿ, ಅಕ್ಕಪಕ್ಕದವರ ಎದುರಿಗೇ ಜಗಳವಾಯಿತು. "ಅಪ್ಪನ ಆಸ್ಪತ್ರೆ ಬಿಲ್ಲು ಕಟ್ಟಿದವನು ನಾನು" ಅಂತ ನಾನು ಕೂಗಿದೆ. "ಅಪ್ಪನ ಹೇಲು ಉಚ್ಚೆ ಬಾಚಿದವನು ನಾನು" ಅಂತ ಅವನು ಕೂಗಿದ. ಅಷ್ಟೇ. ಅದಾದ ಮೇಲೆ ನಾನು ಅವ್ವನನ್ನು ನೋಡಲು ಹೋಗುವಾಗಲೂ ಅಣ್ಣ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು ಹೋಗುತ್ತಿದ್ದೆ.

ಈ 9 ವರ್ಷದಲ್ಲಿ ನಾನು ದೇವರನ್ನು ಬಿಟ್ಟವನಲ್ಲ, ಇದನ್ನು ಗಮನಿಸಿ. ಭಾನುವಾರದ ಪೂಜೆ ತಪ್ಪಿಸಿದ್ದು ಕಡಿಮೆ. ಗುರುವಾರಗಳಲ್ಲಿ ವಿವೇಕನಗರದ ಬಾಲಯೇಸುವಿನ ನೊವೆನಾಗೆ ಹೋಗುತ್ತಿದ್ದೆ. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಜಾತ್ರೆಯಲ್ಲಿ ಮಾತೆಯ ತೇರು ನೋಡುತ್ತಿದ್ದೆ. ಕಾರಿನ ಕನ್ನಡಿಗೆ ಜಪಸರ ನೇತುಹಾಕಿದ್ದೆ. ಮೊಬೈಲಿನಲ್ಲಿ ಬೆಳಿಗ್ಗೆ ಎದ್ದಕೂಡಲೇ ಸಂತರ ಚಿತ್ರ, ದಿನದ ವಚನ ನಾಲ್ಕು ಗುಂಪಿಗೆ ಕಳಿಸುತ್ತಿದ್ದೆ. ಯಾರಾದರೂ ನೋಡಿದರೆ "ಎಷ್ಟು ಭಕ್ತಿವಂತ" ಅನ್ನಬೇಕು. ಅನ್ನುತ್ತಿದ್ದರು ಕೂಡಾ!

ಇವತ್ತು ಹೇಳಬೇಕಾಗಿರುವುದು ಇದನ್ನೇ. ನಂಬಿಕೆ ಆಳವಾಗಬೇಕು ಅಂತ ನಮಗೆ ಅನ್ನಿಸಿದಾಗಲೆಲ್ಲ ನಾವು ಏನಾದರೊಂದನ್ನು ಜಾಸ್ತಿ ಮಾಡುತ್ತೇವೆ. ಇನ್ನೊಂದು ನೊವೆನಾ, ಇನ್ನೊಂದು ಧ್ಯಾನಕೂಟ, ಇನ್ನೊಂದು ಪುಣ್ಯಕ್ಷೇತ್ರ, ಯೂಟ್ಯೂಬಿನಲ್ಲಿ ಇನ್ನೊಬ್ಬ ಪ್ರವಚನಕಾರ. ಅವು ಕೆಟ್ಟವು ಅನ್ನುತ್ತಿಲ್ಲ. ಆದರೆ ಹತ್ತು ಕಡೆ ಹತ್ತತ್ತು ಅಡಿ ಕೊರೆಸಿದವನಿಗೆ ನೀರು ಸಿಕ್ಕೀತೇ? ಈಗಾಗಲೇ ಬಾಯಲ್ಲಿರುವ ಒಂದು ಪ್ರಾರ್ಥನೆಯನ್ನು ತೆಗೆದುಕೊಂಡು, ಅದು ನಮ್ಮ ಕೈಲಿ ಏನು ಮಾಡಿಸಬೇಕು ಅನ್ನುತ್ತದೋ ಅದನ್ನು ಮಾಡುವವರೆಗೆ ಅಲ್ಲಿಂದ ಏಳದಿರುವುದೇ ಆಳ ಅಂತ ನನಗೆ ಈಗ ಅನ್ನಿಸುತ್ತದೆ.

ಮಗಳ ಪ್ರಶ್ನೆ ಬಿಡಲಿಲ್ಲ. ಆ ವಾರ ಮತ್ತಾಯನ ಶುಭಸಂದೇಶ ತೆಗೆದು ಓದಿದೆ. 6ನೇ ಅಧ್ಯಾಯ. ಯೇಸುಸ್ವಾಮಿ ಪ್ರಾರ್ಥನೆ ಕಲಿಸುತ್ತಾರೆ. ಅದರಲ್ಲಿ 7 ಬೇಡಿಕೆಗಳಿವೆ. ದೇವರ ಹೆಸರು, ದೇವರ ರಾಜ್ಯ, ದೇವರ ಚಿತ್ತ, ಅನ್ನ, ಕ್ಷಮೆ, ಶೋಧನೆ, ಕೇಡಿನಿಂದ ಬಿಡುಗಡೆ. ಪ್ರಾರ್ಥನೆ ಮುಗಿದ ಕೂಡಲೇ, 14 ಮತ್ತು 15ನೇ ವಚನಗಳಲ್ಲಿ, ಸ್ವಾಮಿ ಏಳರಲ್ಲಿ ಒಂದಕ್ಕೆ ಮಾತ್ರ ವಾಪಸ್ ಬರುತ್ತಾರೆ. ಅನ್ನಕ್ಕಲ್ಲ, ರಾಜ್ಯಕ್ಕಲ್ಲ, ಕ್ಷಮೆಗೆ. ನೀವು ಕ್ಷಮಿಸದಿದ್ದರೆ ತಂದೆಯೂ ನಿಮ್ಮನ್ನು ಕ್ಷಮಿಸುವುದಿಲ್ಲ ಅನ್ನುವ ಅರ್ಥದ ಮಾತು ಅಲ್ಲಿ ಸ್ಪಷ್ಟವಾಗಿದೆ. ಇಷ್ಟು ವರ್ಷ ಇದನ್ನು ಪೂಜೆಯಲ್ಲಿ ಎಷ್ಟು ಸಲ ಕೇಳಿರಬೇಕು ನಾನು! ಆಗೆಲ್ಲ ಬಹುಶಃ ಮನೆ ಸಾಲದ ಕಂತು ಲೆಕ್ಕ ಹಾಕುತ್ತಿದ್ದೆ.

ಆಮೇಲೆ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತೆಗೆದೆ. ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟಿದ್ದು, ಪ್ಲಾಸ್ಟಿಕ್ ಕವರು ಕೂಡಾ ಬಿಚ್ಚಿರಲಿಲ್ಲ. ಎರಡನೇ ಜಾನ್ ಪಾಲ್ ಜಗದ್ಗುರುಗಳು 1992ರಲ್ಲಿ ಪ್ರಕಟಿಸಿದ ಗ್ರಂಥ ಅದು. ನಾಲ್ಕು ಭಾಗ. ಒಂದನೆಯದು ನಾವು ನಂಬುವುದು, ಎರಡನೆಯದು ಸಂಸ್ಕಾರಗಳು, ಮೂರನೆಯದು ಬದುಕುವ ರೀತಿ, ನಾಲ್ಕನೆಯದು ಪ್ರಾರ್ಥನೆ. ಒಟ್ಟು 2,865 ಸಂಖ್ಯೆಗಳು. ನೋಡಿ, ಅಷ್ಟು ದೊಡ್ಡ ಗ್ರಂಥ ಕೊನೆಗೆ ಬಂದು ನಿಲ್ಲುವುದು ಎಲ್ಲಿ ಗೊತ್ತೇ? 'ನಮ್ಮ ತಂದೆಯೇ' ಪ್ರಾರ್ಥನೆಯ ವಿವರಣೆಯಲ್ಲಿ. ದೇವರು ಯಾರು, ಸೃಷ್ಟಿ ಏನು, ತ್ರೈಏಕ ದೇವರ ಮರ್ಮ ಏನು ಎಂಬುದನ್ನೆಲ್ಲ ಹೇಳಿ ಮುಗಿಸಿ, ಕೊನೆಗೆ ಮಗುವಿನ ಬಾಯಲ್ಲಿರುವ ಪ್ರಾರ್ಥನೆಗೆ ಬರುತ್ತದೆ.

ಆ ಕ್ಷಮೆಯ ಬೇಡಿಕೆಯ ವಿವರಣೆ ಶುರುವಾಗುವುದೇ ಇದೊಂದು ಬೆರಗು ಹುಟ್ಟಿಸುವ ಬೇಡಿಕೆ ಎಂಬ ಮಾತಿನಿಂದ. ಯಾಕೆಂದರೆ ನಾವು ದೇವರಿಗೆ ಅಳತೆ ಕೊಡುತ್ತಿದ್ದೇವೆ. ಅಂಗಡಿಯವನಿಗೆ ನಮ್ಮದೇ ಪಾವು ಕೊಟ್ಟು "ಇದರಲ್ಲೇ ಅಳೆದು ಹಾಕಪ್ಪ" ಅಂದ ಹಾಗೆ. ನಾನು ಅಣ್ಣನಿಗೆ ಅಳೆದ ಪಾವು ಎಷ್ಟು ದೊಡ್ಡದು? ಅದನ್ನೇ ದಿನಕ್ಕೆ ಆರು ಸಲ ದೇವರ ಕೈಗೆ ಕೊಡುತ್ತಿದ್ದೆನಲ್ಲ! 26 ಸಾವಿರ ಸಲ ಹೇಳಿದ್ದರ ಬಗ್ಗೆ ಅಲ್ಲಿಯವರೆಗೆ ಸಣ್ಣ ಹೆಮ್ಮೆ ಇತ್ತು. ಅವತ್ತು ಮೊದಲ ಸಲ ಹೆದರಿಕೆಯಾಯಿತು.

ಇಲ್ಲಿ ಒಂದು ಮಾತು. "ನಂಬಿಕೆ ಇದ್ದರೆ ಸಾಕು, ಈ ಸಿದ್ಧಾಂತ, ಬೋಧನೆ ಎಲ್ಲಾ ಗುರುಗಳಿಗೆ ಬಿಡಿ" ಅನ್ನುವವರು ನಮ್ಮಲ್ಲಿ ಜಾಸ್ತಿ. ನಾನೂ ಹಾಗೇ ಅನ್ನುತ್ತಿದ್ದೆ. ನಮ್ಮ ಧರ್ಮೋಪದೇಶ ಹತ್ತನೇ ವಯಸ್ಸಿಗೋ, ದೃಢೀಕರಣದ ವರ್ಷಕ್ಕೋ ನಿಂತುಹೋಗುತ್ತದೆ. ಆಮೇಲೆ ಇಂಜಿನಿಯರ್ ಆಗುತ್ತೇವೆ, ಬ್ಯಾಂಕಿಗೆ ಸೇರುತ್ತೇವೆ, ಸಾಲ ಮಾಡುತ್ತೇವೆ, ಜಗಳ ಆಡುತ್ತೇವೆ. ವಯಸ್ಸು 45, ನಂಬಿಕೆಯ ತಿಳಿವಳಿಕೆ ಮಾತ್ರ ಹತ್ತು ವರ್ಷದ ಹುಡುಗನದು. ಹತ್ತನೇ ವಯಸ್ಸಿನ ಅಂಗಿ ಈಗ ಆಗುತ್ತದಾ? "ದೇವರು ಒಳ್ಳೆಯವರು, ಎಲ್ಲಾ ನೋಡಿಕೊಳ್ಳುತ್ತಾರೆ" ಅನ್ನುವ ಪಾಠ ಸುಳ್ಳಲ್ಲ. ಆದರೆ ಪಹಣಿ ಕೈಯಲ್ಲಿ ಹಿಡಿದು ಕೋಪದಿಂದ ನಡುಗುವವನಿಗೆ ಅಷ್ಟು ಸಾಲದು.

ಅದೇ ಹೊತ್ತಿಗೆ ಇನ್ನೊಂದು ಬಗೆಯವರೂ ಇದ್ದಾರೆ. ಸಿದ್ಧಾಂತ ಅಂದರೆ ಅವರಿಗೆ ವಾಟ್ಸಪ್ಪಿನಲ್ಲಿ ಪಂಥಗಳವರ ಜೊತೆ ವಾದ ಗೆಲ್ಲುವ ಸಾಮಗ್ರಿ. ಲ್ಯಾಟಿನ್ ಪದಗಳೆಲ್ಲ ಗೊತ್ತು, ಮನೆಯಲ್ಲಿ ಹೆಂಡತಿ ಜೊತೆ ಮಾತಿಲ್ಲ. ಸಂತ ಜಾನ್ ಹೆನ್ರಿ ನ್ಯೂಮನ್ ಅಂತ ಇಂಗ್ಲೆಂಡಿನ ಕಾರ್ಡಿನಲ್ ಒಬ್ಬರಿದ್ದರು. 2025ರ ನವೆಂಬರ್ 1ರಂದು ಹದಿನಾಲ್ಕನೇ ಲಿಯೋ ಜಗದ್ಗುರುಗಳು ಅವರನ್ನು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು. ಅವರು 1870ರಲ್ಲಿ ಬರೆದ ಒಂದು ದೊಡ್ಡ ಪುಸ್ತಕದಲ್ಲಿ ಎರಡು ಬಗೆಯ ಒಪ್ಪಿಗೆಯನ್ನು ಬೇರೆ ಮಾಡಿ ತೋರಿಸುತ್ತಾರೆ. ಒಂದು, ಬುದ್ಧಿ ಒಂದು ಮಾತನ್ನು ವಿಚಾರವಾಗಿ ಒಪ್ಪುವುದು. ಇನ್ನೊಂದು, ಅದೇ ಮಾತು ಎದುರಿಗೆ ನಿಂತ ನಿಜವಾಗಿ ಮನುಷ್ಯನನ್ನು ಹಿಡಿಯುವುದು. 'ಕ್ಷಮೆ ದೊಡ್ಡದು' ಅಂತ ನಾನು ಯಾವಾಗಲೂ ಒಪ್ಪಿದ್ದೆ. 'ಅಣ್ಣನನ್ನು ಕ್ಷಮಿಸಬೇಕು' ಅಂತ ಒಪ್ಪಿರಲಿಲ್ಲ. ನನ್ನ ಕಥೆ ಪೂರ್ತಿ ಈ ಎರಡರ ನಡುವಿನದು.

ಬೋಧನೆ ಅಂದರೆ ಪುಸ್ತಕ ಅಂತಲೂ ಅಲ್ಲ. ನಮ್ಮ ಅವ್ವನಿಗೆ ಓದು ಬರುವುದಿಲ್ಲ. ಅವಳ ಧರ್ಮೋಪದೇಶ ಎಲ್ಲಾ ಜಪಸರದಲ್ಲೇ. ಯೇಸುವಿನ ಜನನ, ಯಾತನೆ, ಪುನರುತ್ಥಾನ ಎಲ್ಲವೂ ಆ ಮಣಿಗಳ ಮೇಲೆ ದಿನಾ ಬೆರಳಾಡಿಸುವಾಗ ಅವಳ ಕಣ್ಣ ಮುಂದೆ ಹಾದುಹೋಗುತ್ತವೆ. ಹದಿನೈದು ರಹಸ್ಯಗಳಿದ್ದ ಜಪಸರಕ್ಕೆ 2002ರ ಅಕ್ಟೋಬರಿನಲ್ಲಿ ಜಾನ್ ಪಾಲ್ ಜಗದ್ಗುರುಗಳು ಐದು ಬೆಳಕಿನ ರಹಸ್ಯಗಳನ್ನು ಸೇರಿಸಿದರಲ್ಲ, ಆಗ ಅವಳಿಗೆ ಐವತ್ತರ ಹತ್ತಿರ. ಜೋರ್ಡಾನ್ ನದಿಯ ಸ್ನಾನ, ಕಾನಾ ಊರಿನ ಮದುವೆ, ದೇವರಾಜ್ಯದ ಸಾರುವಿಕೆ, ಬೆಟ್ಟದ ಮೇಲಿನ ರೂಪಾಂತರ, ಕಡೆಯ ಭೋಜನ. ಕೇಳಿಕೇಳಿ ಒಂದೇ ತಿಂಗಳಲ್ಲಿ ಕಲಿತಳು. ಕಲಿತು, "ಮದುವೆ ಮನೇಲಿ ದ್ರಾಕ್ಷಾರಸ ಮುಗುದೋಗದೆ ಅಂತ ಮೊದ್ಲು ಕಂಡಿದ್ದು ತಾಯಿ ನೋಡು. ಮನೇಲಿ ಏನು ಮುಗುದೋಗದೆ ಅಂತ ತಾಯಿಗೇ ಮೊದ್ಲು ಗೊತ್ತಾಗದು" ಅಂದಿದ್ದಳು. ನಮ್ಮ ಮನೆಯಲ್ಲಿ ಮುಗಿದುಹೋಗಿದ್ದು ಏನು ಅಂತ ಅವಳಿಗೆ ಗೊತ್ತಿತ್ತು. 9 ವರ್ಷ ಅವಳು ಪ್ರತಿ ರಾತ್ರಿ ಜಪಸರ ಮುಗಿಸಿ ನಮ್ಮಿಬ್ಬರ ಹೆಸರು ಹೇಳಿ ಇನ್ನೊಂದು 'ನಮೋ ಮರಿಯೆ' ಸೇರಿಸುತ್ತಿದ್ದಳು. ನನಗೆ ಒಂದು ದಿನವೂ "ಹೋಗಿ ಮಾತಾಡು" ಅನ್ನಲಿಲ್ಲ.

ಅದೇ ವರ್ಷ ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಹೋದೆ. ವರ್ಷಕ್ಕೊಂದು ಸಲವಾದರೂ ಹೋಗಬೇಕೆಂಬ ನಿಯಮ 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯಷ್ಟು ಹಳೆಯದು. ನಾನೂ ಹೋಗುತ್ತಿದ್ದೆ, ಆದರೆ ಪಟ್ಟಿ ಒಪ್ಪಿಸಿ ಬರುತ್ತಿದ್ದೆ. ಸುಳ್ಳು ಹೇಳಿದೆ, ಕೋಪ ಮಾಡಿಕೊಂಡೆ, ಪೂಜೆ ತಪ್ಪಿಸಿದೆ... 'ಕೋಪ ಮಾಡಿಕೊಂಡೆ' ಅನ್ನುವ ಎರಡು ಪದದೊಳಗೆ ಇಡೀ ಅಣ್ಣನನ್ನು ಮುಚ್ಚಿಟ್ಟು 9 ವರ್ಷ ಪಾರಾಗಿದ್ದೆ ನೋಡಿ! ಈ ಸಲ ಬಿಡಿಸಿ ಹೇಳಿದೆ. ಹೇಳುತ್ತಾ ಹೇಳುತ್ತಾ ಅದು ಪಾಪನಿವೇದನೆ ಹೋಗಿ ಅಣ್ಣನ ಮೇಲಿನ ಫಿರ್ಯಾದಿ ಆಯಿತು. ಖಾತೆ, ಪಹಣಿ, ಆಸ್ಪತ್ರೆ ಬಿಲ್ಲು ಎಲ್ಲಾ ಬಂತು. ವಯಸ್ಸಾದ ಗುರುಗಳು ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಕೇಳಿದರು: "ಇದು ನಿಮ್ಮಣ್ಣನ ಪಾಪ ಆಯ್ತು. ನಿಮ್ಮದು ಯಾವುದು?"

ನನ್ನ ಬಾಯಿ ಕಟ್ಟಿತು. ಸ್ವಲ್ಪ ಹೊತ್ತಾದ ಮೇಲೆ ಬಂದ ಮಾತು ನಾನು ಯೋಚಿಸಿಕೊಂಡು ಬಂದಿದ್ದಲ್ಲ. ಅಪ್ಪ ಹಾಸಿಗೆ ಹಿಡಿದ ಎಂಟು ತಿಂಗಳಲ್ಲಿ ನಾನು ಊರಿಗೆ ಹೋಗಿದ್ದು ನಾಲ್ಕೇ ಸಲ. ದುಡ್ಡು ಕಳಿಸಿದ್ದೆ, ನಿಜ. ದುಡ್ಡು ಕಳಿಸಿದರೆ ಹೋಗಬೇಕಾಗಿಲ್ಲ ಅನ್ನುವ ಸಮಾಧಾನಕ್ಕೇ ಕಳಿಸಿದ್ದೆ. ಅಣ್ಣ ಅಂಗಳದಲ್ಲಿ ಕೂಗಿದ ಮಾತು ಸತ್ಯವಾಗಿತ್ತು. ನನಗೆ ಅವನ ಮೇಲೆ ಕೋಪ ಗದ್ದೆಗಾಗಿ ಅಷ್ಟೇ ಅಲ್ಲ, ಆ ಸತ್ಯಕ್ಕಾಗಿ.

ಗುರುಗಳು ಕೊಟ್ಟ ಪ್ರಾಯಶ್ಚಿತ್ತ ವಿಚಿತ್ರವಾಗಿತ್ತು. "ದಿನಕ್ಕೆ ಒಂದೇ ಒಂದು 'ನಮ್ಮ ತಂದೆಯೇ' ಹೇಳಿ. ನಿಧಾನವಾಗಿ. ಆ ಸಾಲು ಬಂದಾಗ ಅಣ್ಣನ ಹೆಸರು ನೆನೆದು ಹೇಳಿ. ಸುಳ್ಳು ಅನ್ನಿಸಿದರೆ ಅಲ್ಲೇ ನಿಂತು, ಹೇಳೋಕೆ ಶಕ್ತಿ ಕೊಡಪ್ಪ ಅಂತ ಕೇಳಿ. ಈಸ್ಟರ್‌ವರೆಗೂ." ಇಷ್ಟು ಸುಲಭವಾ ಅನ್ನಿಸಿತು. ಮೊದಲ ದಿನವೇ ಗೊತ್ತಾಯಿತು ಎಷ್ಟು ಸುಲಭ ಅಂತ. ಮೆಟ್ರೋದಲ್ಲಿ ನಿಂತು ಹೇಳಲು ಶುರು ಮಾಡಿದೆ. ಅನ್ನದವರೆಗೆ ಸರಾಗ. ಮುಂದಿನ ಸಾಲಿಗೆ ಬಂದರೆ ಗದ್ದೆ, ಅಂಗಳ, ಅಕ್ಕಪಕ್ಕದವರ ಮುಖ ಎಲ್ಲಾ ಬಂದು ನಿಂತವು. ನನ್ನ ಸ್ಟೇಷನ್ ದಾಟಿಹೋಗಿತ್ತು.

ಆಮೇಲೆ ತಿಳಿಯಿತು, ಇದು ಆ ಗುರುಗಳು ಹೊಸದಾಗಿ ಕಂಡುಹಿಡಿದ ಔಷಧಿಯಲ್ಲ. 24ನೇ ವಯಸ್ಸಿಗೆ, 1897ರಲ್ಲಿ ತೀರಿಕೊಂಡ ಲಿಸ್ಯೂ ಪಟ್ಟಣದ ಸಂತ ತೆರೇಸಾ ತಮ್ಮ ಆತ್ಮಕಥೆಯಲ್ಲಿ, ಮನಸ್ಸು ಪೂರಾ ಒಣಗಿಹೋದಾಗ ಈ ಒಂದು ಪ್ರಾರ್ಥನೆಯನ್ನು ಬಹಳ ನಿಧಾನವಾಗಿ ಹೇಳುತ್ತಿದ್ದೆ ಅಂತ ಬರೆದಿದ್ದಾರೆ. ಜಪಸರ ಹೇಳುವುದು ತಮಗೆ ಕಷ್ಟ, ಮನಸ್ಸು ನಿಲ್ಲುವುದಿಲ್ಲ ಅಂತಲೂ ಒಪ್ಪಿಕೊಂಡಿದ್ದಾರೆ. ಸಂತರಿಗೇ ಹೀಗಾದರೆ ನಮ್ಮದೇನು ಬಿಡಿ! ಅವರಿಗೂ ಮುನ್ನೂರು ವರ್ಷ ಹಿಂದಿನ ಆವಿಲಾದ ಸಂತ ತೆರೇಸಾ, ಬಾಯಿಪಾಠದ ಪ್ರಾರ್ಥನೆ ಬಿಟ್ಟು ಬೇರೇನೂ ಬಾರದ ಒಬ್ಬ ವೃದ್ಧ ಕನ್ಯಾಸ್ತ್ರೀಯ ಬಗ್ಗೆ ಹೇಳುತ್ತಾರೆ. ತನಗೆ ಧ್ಯಾನ ಬರುವುದಿಲ್ಲ ಅಂತ ಆಕೆ ಸಂಕಟಪಡುತ್ತಿದ್ದರಂತೆ. ವಿಚಾರಿಸಿ ನೋಡಿದರೆ 'ನಮ್ಮ ತಂದೆಯೇ' ಹೇಳುತ್ತಾ ಹೇಳುತ್ತಲೇ ಆಕೆ ದೇವರೊಂದಿಗೆ ಅತಿ ಆಳದ ಒಡನಾಟಕ್ಕೆ ಮುಟ್ಟಿದ್ದರು. ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮ ಅವ್ವ.

ಈಗ ಕೆಲವರಿಗೆ ಒಂದು ಅನುಮಾನ ಬಂದಿರಬಹುದು. ನನಗೂ ಬಂದಿತ್ತು. ಕ್ಷಮಿಸು, ಕ್ಷಮಿಸು ಅನ್ನುವುದು ಅನ್ಯಾಯಕ್ಕೆ ಸಿಕ್ಕವನ ಬಾಯಿ ಮುಚ್ಚಿಸುವ ಉಪಾಯ ಆಗುವುದಿಲ್ಲವೇ? ಆಗುತ್ತದೆ, ಆಗಿದೆ ಕೂಡಾ. ಗಂಡನ ಕೈಲಿ ಪೆಟ್ಟು ತಿಂದು ಬಂದ ಹೆಣ್ಣುಮಗಳಿಗೆ "ಕ್ಷಮಿಸಿ ವಾಪಸ್ ಹೋಗಮ್ಮ" ಅಂತ ಹೇಳಿ ಕಳಿಸಿದವರು ಇದ್ದಾರೆ. ಗುರುಗಳಿಂದಲೇ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ವಿಷಯದಲ್ಲಿ ಜಗತ್ತಿನ ಎಷ್ಟೋ ಕಡೆ ಧರ್ಮಸಭೆಯೇ ಇದನ್ನು ಮಾಡಿತು. 2019ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಗುರುಗಳೂ ಕನ್ಯಾಸ್ತ್ರೀಯರೂ ಅಂಥ ವಿಷಯ ತಿಳಿದರೆ ಧರ್ಮಸಭೆಯ ಅಧಿಕಾರಿಗಳಿಗೆ ವರದಿ ಮಾಡಲೇಬೇಕು ಅಂತ ಕಟ್ಟಳೆ ಮಾಡಬೇಕಾಗಿ ಬಂದಿದ್ದು ಸುಮ್ಮನೆ ಅಲ್ಲ. ಆದರೆ ಅದು ಕ್ಷಮೆಯ ಬೋಧನೆಯ ತಪ್ಪಲ್ಲ, ಬೋಧನೆಯನ್ನು ಅರ್ಧಕ್ಕೆ ಕತ್ತರಿಸಿ ಬಳಸಿದವರ ತಪ್ಪು.

1981ರ ಮೇ 13ರಂದು ಜಾನ್ ಪಾಲ್ ಜಗದ್ಗುರುಗಳ ಮೇಲೆ ಗುಂಡು ಹಾರಿತು. ಗುಂಡು ಹಾರಿಸಿದವನನ್ನು ಅವರು ಕ್ಷಮಿಸಿದರು, 1983ರ ಡಿಸೆಂಬರಿನಲ್ಲಿ ಜೈಲಿಗೇ ಹೋಗಿ ಅವನ ಜೊತೆ ಕೂತು ಮಾತಾಡಿದರು. ಅವನು ಇಟಲಿಯ ಜೈಲಿನಿಂದ ಹೊರಬಿದ್ದಿದ್ದು 2000ದಲ್ಲಿ. ಕ್ಷಮೆಯೂ ಇತ್ತು, ಜೈಲೂ ಇತ್ತು. ನಮ್ಮ ದೇಶದಲ್ಲೇ ನೋಡಿ. ಮಧ್ಯಪ್ರದೇಶದಲ್ಲಿ ಬಡ ರೈತರ ನಡುವೆ ಕೆಲಸ ಮಾಡುತ್ತಿದ್ದ ಸಿಸ್ಟರ್ ರಾಣಿ ಮರಿಯಾ ಅವರನ್ನು 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಇರಿದು ಕೊಂದರು. ಅವರ ಸ್ವಂತ ತಂಗಿ, ಅವರೂ ಕನ್ಯಾಸ್ತ್ರೀ, 2002ರಲ್ಲಿ ಜೈಲಿಗೆ ಹೋಗಿ ಕೊಂದವನಿಗೆ ರಾಖಿ ಕಟ್ಟಿ ಅಣ್ಣ ಎಂದರು. 2017ರಲ್ಲಿ ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಪುನೀತೆ ಎಂದು ಸಾರಲಾಯಿತು. ಇದನ್ನು ಓದಿ ನನ್ನ ಗದ್ದೆ ಜಗಳ ನೆನೆದು ನಾಚಿಕೆಯಾಯಿತು ಅಂದರೆ ಉತ್ಪ್ರೇಕ್ಷೆಯಲ್ಲ.

ಆದರೂ ನನ್ನ ನೋವು ಸಣ್ಣದು ಅಂತ ಸ್ವಾಮಿ ಹೇಳುವುದಿಲ್ಲ. ಮತ್ತಾಯ 18ರ ಸಾಮತಿ ಗೊತ್ತಲ್ಲ, ಸಾಲ ಮನ್ನಾ ಆದ ಸೇವಕ ತನ್ನ ಜೊತೆಯವನ ಕತ್ತು ಹಿಡಿದಿದ್ದು. ಮೊದಲನೆಯವನ ಸಾಲ 10 ಸಾವಿರ ತಲೆಂತು. ಒಂದು ತಲೆಂತು ಅಂದರೆ ಸುಮಾರು 6 ಸಾವಿರ ದೆನಾರಿ, ಒಂದು ದೆನಾರಿ ಒಂದು ದಿನದ ಕೂಲಿ. ಅಂದರೆ 6 ಕೋಟಿ ದಿನಗಳ ಕೂಲಿ! ಎಷ್ಟು ಜನ್ಮ ದುಡಿದರೂ ತೀರದು. ಎರಡನೆಯವನದು 100 ದೆನಾರಿ. ಪ್ರಸಂಗಗಳಲ್ಲಿ ಇದನ್ನು 'ಜುಜುಬಿ ಸಾಲ' ಅನ್ನುವುದನ್ನು ಕೇಳಿದ್ದೇನೆ. ಕೂಲಿ ಮಾಡುವವರನ್ನು ಕೇಳಿ ನೋಡಿ. 100 ದಿನದ ಕೂಲಿ ಜುಜುಬಿಯೇ? ಮೂರು ತಿಂಗಳಿಗೆ ಮೇಲಾಯಿತು. ಅದು ನಿಜವಾದ ನಷ್ಟ, ನಿಜವಾದ ನೋವು. ಸ್ವಾಮಿ ಅದನ್ನು ಇಲ್ಲ ಅನ್ನಲಿಲ್ಲ. ನಿನಗೆ ಬಿಟ್ಟುಕೊಟ್ಟಿರುವ ಸಾಲದ ಪಕ್ಕಕ್ಕೆ ಇಟ್ಟು ನೋಡು ಅಂದರು, ಅಷ್ಟೇ.

ಧರ್ಮೋಪದೇಶ ಗ್ರಂಥವೂ ಇಲ್ಲಿ ಬಹಳ ಮನುಷ್ಯರ ಮಾತಾಡುತ್ತದೆ. ಪೆಟ್ಟನ್ನು ಅನುಭವಿಸದೆ ಇರುವುದಾಗಲಿ, ಮರೆಯುವುದಾಗಲಿ ನಮ್ಮ ಕೈಯಲ್ಲಿಲ್ಲ ಅಂತ ಒಪ್ಪಿಕೊಳ್ಳುತ್ತದೆ. ಆದರೆ ಪವಿತ್ರಾತ್ಮರಿಗೆ ತೆರೆದುಕೊಂಡ ಹೃದಯ ಆ ನೋವನ್ನೇ ನೋಯಿಸಿದವನಿಗಾಗಿ ಪ್ರಾರ್ಥನೆಯಾಗಿ ಮಾರ್ಪಡಿಸಬಲ್ಲದು ಅನ್ನುತ್ತದೆ. ನನಗೆ ದೊಡ್ಡ ಬಿಡುಗಡೆ ಕೊಟ್ಟ ಬೋಧನೆ ಇದು. ಕೋಪ ಹೋದ ಮೇಲೆ ಕ್ಷಮಿಸಬೇಕು ಅಂತ ಕಾಯುತ್ತಿದ್ದೆ ನಾನು. ಹಾಗೆ ಕಾದರೆ ಸಾಯುವವರೆಗೂ ಕಾಯಬೇಕು. ಕೋಪ ಇರುವಾಗಲೇ ಅವನಿಗಾಗಿ ಒಂದು 'ನಮೋ ಮರಿಯೆ' ಹೇಳಬಹುದು ಅಂತ ಯಾರೂ ಹೇಳಿರಲಿಲ್ಲ. ಇಲ್ಲ, ತಪ್ಪಾಯಿತು. ಅವ್ವ 9 ವರ್ಷದಿಂದ ಅದನ್ನೇ ಮಾಡಿ ತೋರಿಸುತ್ತಿದ್ದಳು.

ಈಸ್ಟರ್ ಆದ ಮರುವಾರ ಊರಿಗೆ ಹೋದೆ. ಈ ಸಲ ಅಣ್ಣ ಮನೆಯಲ್ಲಿರುವ ಹೊತ್ತು ನೋಡಿಕೊಂಡು, ಮಗಳನ್ನೂ ಕರೆದುಕೊಂಡು. ಸಿನಿಮಾದ ಹಾಗೆ ಏನೂ ಆಗಲಿಲ್ಲ. ಅಣ್ಣ ಕೊಟ್ಟಿಗೆಯಿಂದ ಬಂದು ನೋಡಿ, "ಬಂದ್ಯಾ" ಅಂದ. ಅತ್ತಿಗೆ ಕಾಫಿ ಕೊಟ್ಟರು. ಮಗಳು ಕರು ನೋಡಲು ದೊಡ್ಡಪ್ಪನ ಹಿಂದೆ ಹೋದಳು. ಗದ್ದೆಯ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. "ಅಪ್ಪನ್ನ ನೋಡ್ಕೊಂಡೋನು ನೀನೇ ಕಣಣ್ಣ. ನಾನು ಬರ್ಬೇಕಾಗಿತ್ತು, ಬರ್ಲಿಲ್ಲ" ಅಂದೆ. ಅವನು ನೆಲ ನೋಡುತ್ತಾ "ಆಯ್ತು ಬುಡು" ಅಂದ. ಅಷ್ಟೇ.

ಸಂಜೆ ಏಳಾಯಿತು. ಅವ್ವ ಮೇಣದ ಬತ್ತಿ ಹಚ್ಚಿದಳು. ಜಪಸರ ಹೇಳುವ ಮನೆಯವರಿಗೆ ಗೊತ್ತಿರುತ್ತದೆ, ಪ್ರಾರ್ಥನೆಯ ಮೊದಲರ್ಧ ಒಬ್ಬರು ಹೇಳಿಕೊಡುತ್ತಾರೆ, ಉಳಿದರ್ಧ ಮಿಕ್ಕವರು ಹೇಳುತ್ತಾರೆ. ಕ್ಷಮೆಯ ಸಾಲು ಇರುವುದು ಎರಡನೇ ಅರ್ಧದಲ್ಲಿ. ಮೊದಲ ಹತ್ತು ಮಣಿ ಅಣ್ಣ ಹೇಳಿಕೊಟ್ಟ. ದೇವರ ಚಿತ್ತದವರೆಗೆ ಹೇಳಿ ಅವನು ನಿಲ್ಲಿಸಿದ. ಅನ್ನ ಕೇಳುವುದರಿಂದ ಮುಂದಕ್ಕೆ ನಾನು ಹೇಳಬೇಕು. ಆ ಸಾಲನ್ನು ಅವನ ಎದುರಿಗೆ, ಅವನ ಮುಖಕ್ಕೇ ಹೇಳಿದೆ. ದನಿ ಒಂದಿಷ್ಟು ನಡುಗಿತು. ಎರಡನೇ ಹತ್ತು ಮಣಿಗೆ ಅವ್ವ ನನ್ನ ಕಡೆ ತಿರುಗಿ, "ಈಗ ನೀನು ಹೇಳ್ಕೊಡು" ಅಂದಳು. ನಾನು ಹೇಳಿಕೊಟ್ಟೆ. ಆ ಸಾಲು ಈಗ ಅಣ್ಣ ಹೇಳಬೇಕಾಗಿತ್ತು. ಹೇಳಿದ. ಅಂಗಳದಲ್ಲಿ ಕೇಳಿದ ದನಿಯಲ್ಲ ಅದು. ಮೂರನೆಯದಕ್ಕೆ ಮತ್ತೆ ಅವನು...

26 ಸಾವಿರ ಸಲ ಹೇಳಿದ ಪ್ರಾರ್ಥನೆಯನ್ನು ಮೊದಲ ಸಲ ಹೇಳಿದ ಹಾಗಿತ್ತು.

ಇದನ್ನು ಓದಿ ಎಲ್ಲಾ ಸುಖಾಂತ್ಯವಾಯಿತು ಅಂದುಕೊಳ್ಳಬೇಡಿ. ಖಾತೆ ಇವತ್ತಿಗೂ ಅವನ ಹೆಸರಲ್ಲೇ ಇದೆ. ಮುಂದೊಂದು ದಿನ ಕೂತು ಮಾತಾಡಬೇಕು, ನ್ಯಾಯವಾಗಿಯೇ ಮಾತಾಡುತ್ತೇನೆ. ಕೆಲವು ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಸುಮ್ಮಸುಮ್ಮನೆ ಆ ಜಗಳ ನೆನಪಾಗಿ ಮೈ ಬಿಸಿಯಾಗುತ್ತದೆ. ಪೇತ್ರ ಕೇಳಿದಾಗ ಸ್ವಾಮಿ ಏಳಲ್ಲ, ಏಳೆಪ್ಪತ್ತು ಸಲ ಕ್ಷಮಿಸು ಅಂದಿದ್ದು ಏಳೆಪ್ಪತ್ತು ತಪ್ಪುಗಳಿಗೆ ಮಾತ್ರ ಅಲ್ಲವೇನೋ, ಒಂದೇ ತಪ್ಪನ್ನು ಏಳೆಪ್ಪತ್ತು ಸಲ ಕ್ಷಮಿಸಬೇಕಾಗಿ ಬರುತ್ತದೆ ಅಂತಲೂ ಇರಬಹುದು.

ಇಷ್ಟೆಲ್ಲಾ ಆದ ಮೇಲೆ ನನ್ನ ದಿನಚರಿ ಹೇಳಿಕೊಳ್ಳುವಂಥದ್ದೇನೂ ಆಗಿಲ್ಲ. ಗುಂಪುಗಳಿಗೆ ಸಂತರ ಚಿತ್ರ ಕಳಿಸುವುದು ನಿಲ್ಲಿಸಿದ್ದೇನೆ. ಆ ಹೊತ್ತಿನಲ್ಲಿ ಅವತ್ತಿನ ಪೂಜೆಯ ಶುಭಸಂದೇಶ ಓದುತ್ತೇನೆ, ಐದು ನಿಮಿಷವೂ ಆಗುವುದಿಲ್ಲ. ಧರ್ಮೋಪದೇಶ ಗ್ರಂಥದಿಂದ ದಿನಕ್ಕೆ 8 ಸಂಖ್ಯೆ ಓದಿದರೆ ವರ್ಷದಲ್ಲಿ ಇಡೀ ಗ್ರಂಥ ಮುಗಿಯುತ್ತದೆ. ನಾನು ಮೂರೋ ನಾಲ್ಕೋ ಓದುತ್ತೇನೆ, ಎರಡು ವರ್ಷ ಹಿಡಿಯಲಿ. ರಾತ್ರಿ ಮಲಗುವ ಮುಂಚೆ ಲೊಯೋಲಾದ ಸಂತ ಇಗ್ನೇಷಿಯಸ್ ಹೇಳಿಕೊಟ್ಟ ಹಾಗೆ ದಿನವನ್ನು ಒಮ್ಮೆ ಹಿಂದಕ್ಕೆ ತಿರುಗಿಸಿ ನೋಡುತ್ತೇನೆ. ಯಾವುದಕ್ಕೆ ಕೃತಜ್ಞತೆ, ಎಲ್ಲಿ ಎಡವಿದೆ ಅಂತ. ಎಷ್ಟೋ ರಾತ್ರಿ ಅದರ ಮಧ್ಯದಲ್ಲೇ ನಿದ್ದೆ ಬಂದಿರುತ್ತದೆ. ಪಾಪನಿವೇದನೆಗೆ ತಿಂಗಳಿಗೊಮ್ಮೆ. ಆಗ ಬೇರೆಯವರ ಪಾಪ ಹೇಳದಿರಲು ಪ್ರಯತ್ನ!

ಮೊಬೈಲು, ಟ್ರಾಫಿಕ್ಕು, ಆಫೀಸಿನ ಡೆಡ್‌ಲೈನು ನಮ್ಮ ನಂಬಿಕೆಯ ಶತ್ರುಗಳು ಅಂತ ಪ್ರಸಂಗಗಳಲ್ಲಿ ಕೇಳುತ್ತಲೇ ಇರುತ್ತೇವೆ. ಇರಬಹುದು. 2020ರ ಲಾಕ್‌ಡೌನಿನಲ್ಲಿ ಅವೆಲ್ಲಾ ಅರ್ಧಕ್ಕರ್ಧ ನಿಂತಿದ್ದವು. ಆ ಮಾರ್ಚ್ 27ರ ಸಂಜೆ ಫ್ರಾನ್ಸಿಸ್ ಜಗದ್ಗುರುಗಳು ಮಳೆಯಲ್ಲಿ, ಖಾಲಿ ಚೌಕದಲ್ಲಿ ಒಬ್ಬರೇ ನಿಂತು ಪ್ರಾರ್ಥಿಸಿದ್ದನ್ನು ಟಿವಿಯಲ್ಲಿ ನೋಡಿ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಬೇಕಾದಷ್ಟು ಸಮಯವಿತ್ತು, ದಿನಕ್ಕೆರಡು ಪೂಜೆ ಮೊಬೈಲಿನಲ್ಲೇ ನೋಡಿದ್ದೆ. ಅಣ್ಣನಿಗೆ ಮಾತ್ರ ಒಂದು ಫೋನ್ ಮಾಡಲಿಲ್ಲ. ಅಂದ ಮೇಲೆ ಅಡ್ಡಿ ಇದ್ದಿದ್ದು ಸಮಯದ ಅಭಾವವಲ್ಲ, ಅಲ್ಲವೇ?

ನಿಮ್ಮದು ಈ ಸಾಲೇ ಆಗಿರಬೇಕಾಗಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಇರುತ್ತದೆ. ದೇವರ ಚಿತ್ತ ನಡೆಯಲಿ ಅನ್ನುವಲ್ಲಿ ಬಾಯಿ ಕಟ್ಟುವವರನ್ನು, ಅನ್ನಕ್ಕಾಗಿ ಬೇಡುವಲ್ಲಿ ಪಕ್ಕದ ಮನೆಯ ಹಸಿವು ನೆನಪಾಗುವವರನ್ನು ನಾನು ಬಲ್ಲೆ. ಇವತ್ತು ರಾತ್ರಿ ಒಂದೇ ಒಂದು ಸಲ, ನಿಧಾನವಾಗಿ ಹೇಳಿ ನೋಡಿ. ಎಲ್ಲಿ ಬಾಯಿ ಕಟ್ಟುತ್ತದೋ ಅಲ್ಲಿಂದ ಎದ್ದು ಹೋಗಬೇಡಿ.

ಅಂದ ಹಾಗೆ, ಮಗಳ ಪ್ರಥಮ ಪರಮಪ್ರಸಾದಕ್ಕೆ ದೊಡ್ಡಪ್ಪ ಬಂದಿದ್ದ. ಬಸ್ಸಿನಲ್ಲಿ ಒಂದು ಚೀಲ ಅಕ್ಕಿ ಹೊತ್ತುಕೊಂಡು. ಆ ಗದ್ದೆಯದೇ ಅಕ್ಕಿ.